1957ರ ಶೆವರ್ಲೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು ರೂಟ್ 66: ಹೋಗಬಹುದೇ?

ಪ್ರಶ್ನೆ: ನಾನು ಶಿಕಾಗೊ ಹತ್ತಿರ ಇದ್ದೇನೆ. ಎರಡು ವರ್ಷದ ಹಿಂದೆ 1957ರ ಶೆವರ್ಲೆ ಬೆಲ್ ಏರ್ ಕೊಂಡೆ. 283 ಘನ ಅಂಗುಲದ ವಿ8 (ಎಂಟು ಸಿಲಿಂಡರ್) ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲಿ ಮೂರು ಗೇರು. ವಾರಾಂತ್ಯದಲ್ಲಿ ಮೂವತ್ತು ನಲವತ್ತು ಮೈಲಿ ಓಡಿಸಿದ್ದು ಬಿಟ್ಟರೆ ದೂರ ಎಲ್ಲೂ ಹೋಗಿಲ್ಲ. ನನ್ನ ತಂದೆಗೆ 70 ವರ್ಷ. ಹಾಸನದಲ್ಲಿ ಇಪ್ಪತ್ತೆಂಟು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಬರುವ ಜೂನ್‌ನಲ್ಲಿ ಇಲ್ಲಿಗೆ ಬರುತ್ತಿದ್ದಾರೆ. ಅವರನ್ನೂ ನನ್ನ ಹೆಂಡತಿಯನ್ನೂ ಆರು ವರ್ಷದ ಮಗಳನ್ನೂ ಕೂರಿಸಿಕೊಂಡು ಹತ್ತು ದಿನದಲ್ಲಿ ಶಿಕಾಗೊದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾವರೆಗೆ ರೂಟ್ 66 ಎಂಬ ಹಳೇ ಹೆದ್ದಾರಿಯನ್ನು ಪೂರ್ತಿ ಮುಗಿಸಬೇಕೆಂದಿದ್ದೇನೆ. ಕಾರು ತಡೆಯುತ್ತದೆಯೇ? ಏನೇನು ಕೆಲಸ ಮಾಡಿಸಬೇಕು? ಅಪ್ಪನ ಕೈಗೆ ಸ್ಟಿಯರಿಂಗ್ ಕೊಡಬಹುದೇ?

ಉತ್ತರ: ಕಾರು ತಡೆಯುತ್ತದೆ. ನಿಮ್ಮ ಯೋಜನೆ ತಡೆಯುವುದಿಲ್ಲ. ಜೂನ್ ತಿಂಗಳು, ಹತ್ತು ದಿನ, ನಾಲ್ಕೂ ಜನ ಒಂದೇ ಕಾರಿನಲ್ಲಿ: ಈ ಮೂರನ್ನೂ ಬದಲಿಸಿಕೊಂಡರೆ ಧಾರಾಳವಾಗಿ ಹೋಗಿಬನ್ನಿ. ನಿಮ್ಮ ತಂದೆಯವರಂಥವರು ಜೊತೆಗಿರುವುದರಿಂದ ಈ ಮಾತನ್ನು ಇನ್ನೂ ಧೈರ್ಯದಿಂದ ಹೇಳುತ್ತಿದ್ದೇನೆ. ಅದು ಯಾಕೆಂದು ಮುಂದೆ ಬರುತ್ತದೆ.

ಮೊದಲು ಲೆಕ್ಕ. ರೂಟ್ 66ರ ಉದ್ದ ಸುಮಾರು 2,448 ಮೈಲಿ, ಅಂದರೆ 3,900 ಕಿಲೋಮೀಟರಿಗೂ ಮೇಲೆ. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 390. ನಿಮ್ಮ ದಿನನಿತ್ಯದ ಕಾರಿನಲ್ಲಿ ಇಂಟರ್‌ಸ್ಟೇಟ್ (ಈಗಿನ ವೇಗದ ಹೆದ್ದಾರಿ) ಮೇಲೆ ಅದು ನಾಲ್ಕು ಗಂಟೆಯ ಕೆಲಸ. 66 ಹಾಗಲ್ಲ. ಊರೂರಿನ ಒಳಗೆ ನುಗ್ಗಿ, ಸಿಗ್ನಲ್‌ಗಳಲ್ಲಿ ನಿಂತು, ಕೆಲವು ಕಡೆ ಇಂಟರ್‌ಸ್ಟೇಟಿನ ಪಕ್ಕದ ಸರ್ವಿಸ್ ರಸ್ತೆಯಾಗಿ, ಕೆಲವು ಕಡೆ ಥಟ್ಟನೆ ಮುಗಿದುಹೋಗಿ ಮತ್ತೆ ಎಲ್ಲೋ ಶುರುವಾಗುವ ದಾರಿ ಅದು. ನಿಮ್ಮ ಬೆಲ್ ಏರ್‌ಗೆ ಮೂರನೇ ಗೇರೇ ಕೊನೆ. ಗಂಟೆಗೆ 50-55 ಮೈಲಿಯಲ್ಲಿ ಹಾಯಾಗಿ ಹೋಗುತ್ತದೆ. 70ಕ್ಕೆ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರಿನೊಳಗೆ ಮಾತು ಕೇಳಿಸುವುದಿಲ್ಲ, ಬ್ರೇಕು ಆ ವೇಗಕ್ಕೆ ಸಾಲುವುದಿಲ್ಲ. ದಿನಕ್ಕೆ 220ರಿಂದ 250 ಕಿಲೋಮೀಟರ್ ಇಟ್ಟುಕೊಳ್ಳಿ. ಹಾಗಾದರೆ ಹದಿನೇಳು ದಿನವಾಗುತ್ತದೆ. ಅಷ್ಟು ರಜೆ ಇಲ್ಲವಾದರೆ ದಾರಿಯನ್ನು ಕತ್ತರಿಸಿ, ವೇಗವನ್ನು ಹೆಚ್ಚಿಸಬೇಡಿ. ಕಾರನ್ನು ಟ್ರೈಲರ್‌ನಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಕಳಿಸಿ ಅಲ್ಲಿಂದ ಪಶ್ಚಿಮಕ್ಕೆ ಓಡಿಸಿದರೂ 66ರ ಅತಿ ಚೆಂದದ ಭಾಗ ನಿಮಗೆ ಸಿಗುತ್ತದೆ.

ಇನ್ನು ತಿಂಗಳು. ಜೂನ್‌ನಲ್ಲಿ ಕ್ಯಾಲಿಫೋರ್ನಿಯಾ ಗಡಿಯ ನೀಡಲ್ಸ್ ಸುತ್ತಮುತ್ತ 43, 45 ಡಿಗ್ರಿ ಮಾಮೂಲು. ನಿಮ್ಮ ಕಾರಿಗೆ ಏಸಿ ಇರಲಿಕ್ಕಿಲ್ಲ. ಇದ್ದರೂ ಅದನ್ನು ಹಾಕಿದರೆ ರೇಡಿಯೇಟರ್ ಮೇಲೆ ಇನ್ನಷ್ಟು ಹೊರೆ. ಜುಲೈನಿಂದ ಸೆಪ್ಟೆಂಬರ್ ಅರ್ಧದವರೆಗೆ ಅರಿಜೋನಾದಲ್ಲಿ ಮಳೆಗಾಲ, ಒಣಹಳ್ಳಗಳು ಇದ್ದಕ್ಕಿದ್ದಂತೆ ಉಕ್ಕಿ ರಸ್ತೆ ಮೇಲೆ ಹರಿಯುತ್ತವೆ. ಮೇ ತಿಂಗಳು ಒಕ್ಲಹೋಮಾದಲ್ಲಿ ಸುಂಟರಗಾಳಿಯ ಕಾಲ. ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಎರಡನೇ ವಾರದವರೆಗೆ ನನ್ನ ಆಯ್ಕೆ. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ತಂದೆಯವರು ಬಂದಿಳಿದ ಮೇಲೆ ಐ-94ರಲ್ಲಿ (ಎಲ್ಲಿಯವರೆಗೆ ಇರಬಹುದೆಂದು ತಿಳಿಸುವ ಪ್ರವೇಶ ದಾಖಲೆ) ತಾರೀಖು ನೋಡಿಕೊಳ್ಳಿ. ಅವರು ಜೂನ್‌ನಲ್ಲಿ ಬರಲಿ, ಬೇಸಿಗೆಯಿಡೀ ಇಬ್ಬರೂ ಕೂಡಿ ಗ್ಯಾರೇಜಿನಲ್ಲಿ ಕಾರು ಸಿದ್ಧ ಮಾಡಿ, ಬಿಸಿಲು ಇಳಿದ ಮೇಲೆ ಹೊರಡಿ. ಆ ಮೂರು ತಿಂಗಳೂ ಪ್ರವಾಸದ ಭಾಗವೇ ಎಂದು ನನಗನ್ನಿಸುತ್ತದೆ.

ಮಗಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಅವಳು ಬೆಲ್ ಏರ್‌ನಲ್ಲಿ ಹೆದ್ದಾರಿಗೆ ಬರಬಾರದು. ಆರು ವರ್ಷದ ಮಗುವಿಗೆ ಬೂಸ್ಟರ್ ಸೀಟು ಬೇಕು, ಬೂಸ್ಟರ್ ಸೀಟಿಗೆ ಭುಜದ ಮೇಲೆ ಹಾಯುವ ಬೆಲ್ಟು ಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಿನ ಜೊತೆ ಅದನ್ನು ಬಳಸುವಂತಿಲ್ಲ. ನಿಮ್ಮ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಬೆಲ್ಟೇ ಇರಲಿಕ್ಕಿಲ್ಲ. ಡ್ಯಾಶ್‌ಬೋರ್ಡು ತಗಡಿನದು. ಸ್ಟಿಯರಿಂಗ್ ಕೋಲು ಒಂದೇ ಗಟ್ಟಿ ಉಕ್ಕಿನ ಸಲಾಕೆ. ಡಿಕ್ಕಿಯಾದಾಗ ಮಡಚಿಕೊಳ್ಳುವ ಕೋಲು ಜನರಲ್ ಮೋಟರ್ಸ್ ಕಾರುಗಳಿಗೆ ಬಂದದ್ದು 1967ರಲ್ಲಿ. ದೊಡ್ಡವರು ಇದನ್ನೆಲ್ಲ ತಿಳಿದೇ ಕೂರುತ್ತೇವೆ. ಮಗು ಹಾಗೆ ಆರಿಸಿಕೊಂಡು ಕೂರುವುದಿಲ್ಲ. ಹೆಂಡತಿ ಮತ್ತು ಮಗಳು ನಿಮ್ಮ ಹೊಸ ಕಾರಿನಲ್ಲಿ ಹಿಂದೆ ಬರಲಿ. ಲಗೇಜು, ನೀರಿನ ಕ್ಯಾನು, ಬಿಡಿಭಾಗದ ಪೆಟ್ಟಿಗೆ ಎಲ್ಲವೂ ಆ ಕಾರಿನಲ್ಲಿರಲಿ. ಹಳೇ ಕಾರಿನ ಮಂಕು ಹಿಂದೀಪಗಳಿಗೆ ಹಿಂದೊಂದು ಹೊಸ ಕಾರು ಕಾವಲಿದ್ದಂತೆಯೂ ಆಗುತ್ತದೆ. ಮುಂದಿನ ಸೀಟಿನ ನಿಮ್ಮಿಬ್ಬರಿಗೆ ಕನಿಷ್ಠ ಸೊಂಟದ ಬೆಲ್ಟನ್ನಾದರೂ, ತಳದ ತಗಡಿನ ಕೆಳಗೆ ದಪ್ಪ ಉಕ್ಕಿನ ಪಟ್ಟಿ ಕೊಟ್ಟು, ಬೋಲ್ಟ್ ಹಾಕಿಸಿ.

ಈಗ ಕಾರು. ಬ್ರೇಕಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನನ್ನ ಬಳಿ ಬರುವವರೆಲ್ಲ ಎಂಜಿನ್ನಿನಿಂದ ಶುರು ಮಾಡುತ್ತಾರೆ.

ಬೆಲ್ ಏರ್‌ನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಂದೂವರೆ ಟನ್ ಭಾರದ ಕಾರನ್ನು ಒಂದು ಸಲ ನಿಲ್ಲಿಸಲು ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಇಳಿಜಾರಿನಲ್ಲಿ ಮೇಲಿಂದ ಮೇಲೆ ಒತ್ತುತ್ತ ಹೋದಾಗ ತೊಂದರೆ. ಕಾದ ಡ್ರಮ್ ಹಿಗ್ಗಿ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಲೈನರ್‌ನಿಂದ ದೂರ ಸರಿಯುತ್ತದೆ, ಕಾದ ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಹಳತಾಗಿದ್ದರೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸತಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಕುಡಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲ ಮುಟ್ಟುತ್ತದೆ.

ಅದಕ್ಕಿಂತ ನನಗೆ ಭಯ ಮಾಸ್ಟರ್ ಸಿಲಿಂಡರ್‌ನದು, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗದ್ದು. ನಿಮ್ಮ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಸಾಲು. ಎಲ್ಲಾದರೂ ಒಂದು ರಬ್ಬರ್ ಹೋಸ್ ಒಡೆದರೆ, ಒಂದು ವೀಲ್ ಸಿಲಿಂಡರ್ ಸೋರಿದರೆ, ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಮುಂದಿನದಕ್ಕೊಂದು ಹಿಂದಿನದಕ್ಕೊಂದು ಎಂದು ಎರಡು ಭಾಗವಿರುವ ಮಾಸ್ಟರ್ ಸಿಲಿಂಡರ್ ಅಮೆರಿಕದ ಕಾರುಗಳಲ್ಲಿ ಎಲ್ಲೆಡೆ ಬಂದದ್ದು 1967ರ ಹೊತ್ತಿಗೆ. ಅದನ್ನು ನಿಮ್ಮ ಕಾರಿಗೆ ಕೂರಿಸುವ ಕಿಟ್ ಸುಲಭವಾಗಿ ಸಿಗುತ್ತದೆ. ಕೂರಿಸಿ. ಸಾಧ್ಯವಾದರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಕೂಡ. ಕಾರಿನ ಅಸಲಿತನ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬಿಚ್ಚಿದ ಹಳೇ ಭಾಗಗಳನ್ನು ಎಣ್ಣೆ ಸವರಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಡಿ. ಪ್ರದರ್ಶನಕ್ಕೆ ಇಡುವ ದಿನ ಮತ್ತೆ ಹಾಕಿಕೊಳ್ಳಬಹುದು. ಎರಡು ವರ್ಷದಿಂದ ಕಾರು ನಿಮ್ಮ ಬಳಿ ಇದೆ ಎನ್ನುತ್ತೀರಿ. ರಬ್ಬರ್ ಹೋಸ್‌ಗಳು ಅದಕ್ಕೂ ಮುಂಚೆ ಎಷ್ಟು ವರ್ಷದವು ಎಂದು ಯಾರಿಗೂ ಗೊತ್ತಿರುವುದಿಲ್ಲ. ಮೂರನ್ನೂ ಬದಲಿಸಿ, ಆಯಿಲ್ ಪೂರ್ತಿ ಹೊಸದು ತುಂಬಿ, ಏರ್ ತೆಗೆಸಿ. ಹ್ಯಾಂಡ್ ಬ್ರೇಕು ಏರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವಂತೆ ಬಿಗಿ ಮಾಡಿಸಿ. ಕೊನೆಗೆ ಉಳಿಯುವುದು ಅದೊಂದೇ.

ಟೈರಿನ ಬಗ್ಗೆ ನನ್ನದೇ ಒಂದು ಪಾಠ ಹೇಳುತ್ತೇನೆ. ಹಲವು ವರ್ಷದ ಹಿಂದೆ 1955ರ ಒಂದು ಶೆವರ್ಲೆ ಸೆಡಾನ್ ಕೊಂಡಿದ್ದೆ. ಮಾರಿದವರು ಟೈರು ಹೊಸದೆಂದರು. ಹಲ್ಲು ನೋಡಿದರೆ ಹೊಸದೇ, ಬಿಳಿ ಪಟ್ಟಿ ಮಿಂಚುತ್ತಿತ್ತು. ಅರಿಜೋನಾದಲ್ಲಿ ಸೆಲಿಗ್‌ಮನ್ ದಾಟಿ ಅರ್ಧ ಗಂಟೆಗೆ ಹಿಂದಿನ ಎಡ ಟೈರಿನ ಮೇಲ್ಪದರ ಪಟ್ಟಿಯಂತೆ ಎದ್ದು ಮಡ್‌ಗಾರ್ಡಿಗೆ ಬಡಿಯತೊಡಗಿತು. ನಿಲ್ಲಿಸಿ ನೋಡಿದೆ: ಟೈರಿಗೆ ಹದಿನಾಲ್ಕು ವರ್ಷವಾಗಿತ್ತು. ಓಡಿರಲಿಲ್ಲ ಅಷ್ಟೆ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳ ಮುಂದಿನ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ದೂರದ ಪ್ರಯಾಣಕ್ಕೆ ಬೇಡ. ಸ್ಟೆಪ್ನಿಯನ್ನೂ ನೋಡಿ, ಎಲ್ಲರೂ ಮರೆಯುವುದು ಅದನ್ನೇ. ಹೊಸದು ಹಾಕಿಸುವಾಗ ರೇಡಿಯಲ್ ಹಾಕಿಸಿ. ನೋಟ ಹಳೇ ಕಾಲದ್ದೇ ಇರುವ ರೇಡಿಯಲ್‌ಗಳು ಸಿಗುತ್ತವೆ. ಹಳೇ ಬಯಾಸ್ ಟೈರು ರಸ್ತೆಯ ಪ್ರತಿ ಗೀರನ್ನೂ ಹಿಂಬಾಲಿಸಿ ಸ್ಟಿಯರಿಂಗನ್ನು ಎಳೆಯುತ್ತದೆ. ದಿನವಿಡೀ ಅದರ ಜೊತೆ ಗುದ್ದಾಡಿದರೆ ತೋಳು ಸೋಲುತ್ತದೆ.

ಈಗ ನಿಮ್ಮ ತಂದೆಯವರ ವಿಷಯಕ್ಕೆ ಬರುವ ಭಾಗ. ಬಾನೆಟ್ ಎತ್ತಿ ಅವರನ್ನು ಮುಂದೆ ನಿಲ್ಲಿಸಿ. ಅಂಬಾಸಿಡರ್‌ನದು 1,489 ಸಿಸಿ, ಇದು 4.6 ಲೀಟರ್, ಮೂರು ಪಟ್ಟು ದೊಡ್ಡದು. ಆದರೆ ಒಳಗಿರುವುದು ಅವರಿಗೆ ಗೊತ್ತಿರುವ ಲೋಕವೇ: ಕಾರ್ಬೊರೇಟರ್, ಡೈನಮೊ, ಸಿ.ಬಿ. ಪಾಯಿಂಟ್, ಕಂಡೆನ್ಸರ್. ನಮ್ಮೂರಿನ ಮೆಕ್ಯಾನಿಕ್‌ಗಳು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ‘ಡೆಲ್ಕೊ’ ಎನ್ನುತ್ತಾರೆ, ಪೆಟ್ರೋಲ್ ಪಂಪಿಗೆ ‘ಏಸಿ ಪಂಪು’ ಎನ್ನುತ್ತಾರೆ. ನಿಮ್ಮ ತಂದೆಯವರೂ ಹಾಗೇ ಅಂದಿರುತ್ತಾರೆ. ಆ ಎರಡು ಮಾತೂ ಜನರಲ್ ಮೋಟರ್ಸ್‌ನ ಮನೆಯವು. ಡೆಲ್ಕೊ-ರೆಮಿ ಮತ್ತು ಏಸಿ ಅದರ ಬಿಡಿಭಾಗ ವಿಭಾಗಗಳ ಹೆಸರು. ಹಾಸನದ ಗ್ಯಾರೇಜಿನಲ್ಲಿ ಬ್ರಿಟಿಷ್ ಮೂಲದ ಎಂಜಿನ್ನಿಗೆ ಅಂಟಿಕೊಂಡಿದ್ದ ಹೆಸರುಗಳು ನಿಮ್ಮ ಬೆಲ್ ಏರ್‌ನಲ್ಲಿ ತಮ್ಮ ಸ್ವಂತ ಜಾಗದಲ್ಲಿವೆ. ಡಿಸ್ಟ್ರಿಬ್ಯೂಟರ್ ಬದಲಾಗಿರದಿದ್ದರೆ ಅದರ ಮೈಮೇಲೆ ಡೆಲ್ಕೊ-ರೆಮಿ ಎಂದು ಓದಿ ತೋರಿಸಬಹುದು. ಆ ಕ್ಷಣಕ್ಕೆ ನಾನೂ ಅಲ್ಲಿರಬೇಕಿತ್ತು ಅನ್ನಿಸುತ್ತದೆ.

ಬರೀ ಭಾವುಕತೆಗೆ ಇದನ್ನು ಹೇಳುತ್ತಿಲ್ಲ. ಮರುಭೂಮಿಯಲ್ಲಿ ಹಳೇ ಕಾರು ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಪಾಯಿಂಟ್ ಅಥವಾ ಕಂಡೆನ್ಸರ್ ಕೈಕೊಟ್ಟು ಕಿಡಿ ಹೋಗುವುದು, ಇಲ್ಲವೇ ಪೆಟ್ರೋಲ್ ಆವಿಯಾಗಿ ಪಂಪು ಎಳೆಯದೇ ಇರುವುದು. ಎರಡನೆಯದನ್ನು ವೇಪರ್ ಲಾಕ್ ಎನ್ನುತ್ತಾರೆ. ಈ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಅದರ ಶಾಖಕ್ಕೆ ಪೈಪಿನಲ್ಲಿರುವ ಪೆಟ್ರೋಲ್ ಗುಳ್ಳೆಯಾಗುತ್ತದೆ, ಗುಳ್ಳೆಯನ್ನು ಪಂಪು ಎಳೆಯಲಾರದು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಹತ್ತು ಪರ್ಸೆಂಟ್ ಎಥನಾಲ್ ಇದ್ದು ಅದು 1957ರ ಪೆಟ್ರೋಲಿಗಿಂತ ಬೇಗ ಆವಿಯಾಗುತ್ತದೆ, ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಎಕ್ಸಾಸ್ಟ್‌ನಿಂದ ದೂರ ಸರಿಸಿ ಕಟ್ಟಿಸಿ. ಎಥನಾಲ್ ಇಲ್ಲದ ಪೆಟ್ರೋಲ್ ಕೆಲವು ರಾಜ್ಯಗಳ ಬಂಕ್‌ಗಳಲ್ಲಿ ಸಿಗುತ್ತದೆ. ಸಿಕ್ಕಲ್ಲಿ ಅದನ್ನೇ ತುಂಬಿಸಿ. ಅಷ್ಟಾಗಿಯೂ ಕಾರು ನಿಂತರೆ ಏನು ಮಾಡಬೇಕೆಂದು ನಿಮ್ಮ ತಂದೆಯವರಿಗೆ ಗೊತ್ತು. ಏಪ್ರಿಲ್ ಬಿಸಿಲಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಏಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಎಷ್ಟು ಸಲ ಕೂತಿದ್ದಾರೋ. ಇಲ್ಲೂ ಅದೇ ಮದ್ದು. ಎರಡು ಹತ್ತಿ ಟವೆಲ್ ಇಟ್ಟುಕೊಳ್ಳಿ. ಪಾಯಿಂಟ್, ಕಂಡೆನ್ಸರ್, ರೋಟರ್ ಮತ್ತು ಕ್ಯಾಪ್ ಎರಡೆರಡು ಜೊತೆ ಇರಲಿ. ಫ್ಯಾನ್ ಬೆಲ್ಟ್, ಒಂದು ಪೆಟ್ರೋಲ್ ಪಂಪ್, ರೇಡಿಯೇಟರ್ ಹೋಸ್‌ಗಳು, ಬಲ್ಬು, ಫ್ಯೂಸ್, ಬ್ರೇಕ್ ಆಯಿಲ್, ಬೆಂಕಿ ಆರಿಸುವ ಸಿಲಿಂಡರ್ ಕೂಡ. ಬೆಂಕಿಯ ಸಿಲಿಂಡರ್ ಡಿಕ್ಕಿಯಲ್ಲಿ ಬೇಡ, ಸೀಟಿನ ಬಳಿ ಕೈಗೆ ಸಿಗುವಲ್ಲಿ ಇರಲಿ.

ಎಂಜಿನ್ ಹೀಟ್ ಆಗುವುದರ ಬಗ್ಗೆ ಒಂದೆರಡು ಮಾತು. ದಾರಿಯಲ್ಲಿ ಸಿಗುವ ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಅಲ್ಲಿ ಬರೀ ನೀರು 93 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ರೇಡಿಯೇಟರ್‌ಗೆ ಬರೀ ನೀರು ಬೇಡ, ಕೂಲಂಟ್ ಅರ್ಧ ನೀರು ಅರ್ಧ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕಿಲುಬು ತೆಗೆಸಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿದರೆ ಹೀಟರ್ ಪೂರ್ತಿ ತೆರೆದು ಕಿಟಕಿ ಇಳಿಸಿ. ಹೀಟರೂ ಒಂದು ಚಿಕ್ಕ ರೇಡಿಯೇಟರೇ. ಬಿಸಿಯಿರುವಾಗ ಕ್ಯಾಪ್ ಮುಟ್ಟಬೇಡಿ ಎಂದು ನಿಮ್ಮ ತಂದೆಯವರಿಗೆ ಹೇಳಬೇಕಿಲ್ಲ, ನಿಮಗೆ ಹೇಳುತ್ತಿದ್ದೇನೆ. ಎಂಜಿನ್ ಆಯಿಲ್ ಸತುವಿನ ಅಂಶ ಹೆಚ್ಚಿರುವಂಥದ್ದು, ಹಳೇ ಎಂಜಿನ್‌ಗೆಂದೇ ಮಾರುವಂಥದ್ದು ತನ್ನಿ. ಪೆಟ್ರೋಲ್ ಟ್ಯಾಂಕು 16 ಗ್ಯಾಲನ್. ಒಂದು ಗ್ಯಾಲನ್‌ಗೆ 14 ಮೈಲಿ ಸಿಕ್ಕರೆ ಪುಣ್ಯ. ಅರ್ಧಕ್ಕೆ ಬಂದಾಗಲೆಲ್ಲ ತುಂಬಿಸಿ. ತುಂಬಿಸುವ ಬಾಯಿ ಎಡಗಡೆಯ ಬಾಲದ ರೆಕ್ಕೆಯ ತುದಿಯಲ್ಲಿ, ಹೊಳೆಯುವ ಕ್ರೋಮ್ ಪಟ್ಟಿಯ ಹಿಂದೆ ಅಡಗಿದೆಯಲ್ಲ, ಅದನ್ನು ಹುಡುಕುವ ಕೆಲಸ ಮೊದಲ ಬಂಕ್‌ನಲ್ಲಿ ಮಗಳಿಗೆ ಬಿಡಿ.

ಇಷ್ಟೆಲ್ಲ ಆದ ಮೇಲೂ ನೇರ ಹೊರಡಬೇಡಿ. ಆಗಸ್ಟ್‌ನಲ್ಲಿ ನೀವು ಅಪ್ಪ ಇಬ್ಬರೇ ಶಿಕಾಗೊದಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ವಾಪಸು ಬನ್ನಿ. ಹೋಗಿ ಬರಲು 640 ಕಿಲೋಮೀಟರ್, ಪೂರ್ತಿ ಹಳೇ 66ರ ಮೇಲೆಯೇ, ನೆಲ ಸಪಾಟು, ಊರೂರಿಗೂ ಗ್ಯಾರೇಜು. ಹೊಸದಾಗಿ ಬಿಗಿದ ಬೋಲ್ಟು, ಹೊಸ ಹೋಸ್ ಏನು ಸಡಿಲವಾದರೂ ಅಲ್ಲೇ ಆಗುತ್ತದೆ. ನನ್ನ ಅನುಭವದಲ್ಲಿ ಮೊದಲ 500 ಕಿಲೋಮೀಟರ್ ಏನನ್ನಾದರೂ ತೋರಿಸದೆ ಬಿಡುವುದಿಲ್ಲ.

ದಾರಿ ಆರಿಸುವಾಗ ನನ್ನದೊಂದು ಸಲಹೆ ಕೇಳಿ. ರೂಟ್ 66 ಎಂದರೆ ಒಂದೇ ದಾರಿಯಲ್ಲ. 1926ರಲ್ಲಿ ಹುಟ್ಟಿ 1985ರಲ್ಲಿ ಅಧಿಕೃತ ಪಟ್ಟಿಯಿಂದ ತೆಗೆದುಹಾಕುವವರೆಗೆ ಅದು ಮತ್ತೆ ಮತ್ತೆ ಜಾಗ ಬದಲಿಸಿತು. ಎಲ್ಲ ಕಾಲದ ಎಲ್ಲ ತುಂಡನ್ನೂ ಮುಟ್ಟಲು ಹೋದರೆ ಹಳೇ ಕಾರು ಕಲ್ಲುಮಣ್ಣಿನ ದಾರಿಯಲ್ಲಿ ಸಾಯುತ್ತದೆ. ನೀವು 1957ರ 66ನ್ನು ಹಿಡಿಯಿರಿ, ನಿಮ್ಮ ಕಾರು ಹೊಸದಾಗಿದ್ದಾಗ ಓಡುತ್ತಿದ್ದ ದಾರಿಯನ್ನು. ನ್ಯೂ ಮೆಕ್ಸಿಕೋದಲ್ಲಿ ಸಾಂಟಾ ಫೆ ಸುತ್ತು 1937ಕ್ಕೇ ತಪ್ಪಿತ್ತು; ಸಾಂಟಾ ರೋಸಾದಿಂದ ಆಲ್ಬುಕರ್ಕಿಗೆ ನೇರ ಹೋಗಿ. ಅರಿಜೋನಾದ ಓಟ್‌ಮನ್ ಘಾಟಿಯೂ ಅಷ್ಟೆ. ಕಿಂಗ್‌ಮನ್‌ನಿಂದ ಸಿಟ್‌ಗ್ರೀವ್ಸ್ ಪಾಸ್ ಹತ್ತಿ ಇಳಿಯುವ ಆ ಕಡಿದಾದ ತಿರುವುಗಳ ದಾರಿಯನ್ನು ಬಿಟ್ಟು ಯುಕ್ಕಾ ಮೂಲಕ ಸಪಾಟು ರಸ್ತೆ 1950ರ ದಶಕದ ಆರಂಭದಲ್ಲೇ ಬಂತು. ಅದಕ್ಕೂ ಹಿಂದಿನ ಕಾಲದಲ್ಲಿ, ಪಂಪಿಲ್ಲದೆ ಪೆಟ್ರೋಲ್ ತಾನಾಗಿ ಇಳಿದು ಬರುವ ಕಾರುಗಳವರು ಆ ಘಾಟಿಯನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದರಂತೆ. 1957ರಲ್ಲಿ ಬೆಲ್ ಏರ್ ಕೊಂಡವನು ಯುಕ್ಕಾ ಕಡೆಯೇ ಹೋಗಿರುತ್ತಿದ್ದ. ನೀವೂ ಹಾಗೆ ಹೋದರೆ ಯಾರೂ ಕಡಿಮೆ ಎನ್ನುವಂತಿಲ್ಲ.

ಆದರೂ ಓಟ್‌ಮನ್ ಬಿಡಲು ಮನಸ್ಸಾಗುವುದಿಲ್ಲ ಎನ್ನಿ. ಬೀದಿಯಲ್ಲಿ ಕತ್ತೆಗಳು ಓಡಾಡುವ ಆ ಗಣಿ ಊರು ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಬ್ರೇಕ್ ಕೆಲಸ ಪೂರ್ತಿ ಆಗಿದ್ದರೆ ಮಾತ್ರ, ಬೆಳಿಗ್ಗೆ ತಂಪಿನಲ್ಲಿ ಹೋಗಿ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ನಮ್ಮ ಘಾಟಿ ಚಾಲಕರ ನಿಯಮ ಇಲ್ಲೂ ನಿಯಮ. ನಿಮ್ಮ ಗೇರ್‌ಬಾಕ್ಸಿನಲ್ಲಿ ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರಿನ ಹಲ್ಲುಗಳ ವೇಗ ಹೊಂದಿಸಿಕೊಡುವ ಭಾಗ, ಇಲ್ಲ. ಓಡುತ್ತಿರುವಾಗ ಅದಕ್ಕೆ ಹಾಕಲು ಹೋದರೆ ಹಲ್ಲು ಕಿರುಚುತ್ತವೆ, ಗೇರು ಸಿಗದೆ ಕಾರು ನ್ಯೂಟ್ರಲ್‌ನಲ್ಲಿ ಜಾರುತ್ತದೆ. ಪಾಸ್‌ನ ತುದಿಯಲ್ಲಿ ಪೂರ್ತಿ ನಿಲ್ಲಿಸಿ, ಕೆಳಗಿನ ಗೇರು ಹಾಕಿಕೊಂಡೇ ಇಳಿಯಲು ಶುರು ಮಾಡಿ. ಮೋಹಾವಿ ಮರುಭೂಮಿಯ ಆಂಬಾಯ್ ಸುತ್ತ ಪ್ರವಾಹಕ್ಕೆ ಸೇತುವೆಗಳು ಹೋಗಿ ಆಗಾಗ ರಸ್ತೆ ಮುಚ್ಚಿರುತ್ತದೆ, ಹಿಂದಿನ ದಿನವೇ ವಿಚಾರಿಸಿ.

1957 ಎಂದಾಗ ಇನ್ನೊಂದನ್ನೂ ನೆನೆಯಬೇಕು. ಆಗ ಈ ದಾರಿಯ ಎಷ್ಟೋ ಮೋಟೆಲು, ಹೋಟೆಲುಗಳಲ್ಲಿ ಕಪ್ಪು ಜನರಿಗೆ ಕೊಠಡಿ, ಊಟ ಸಿಗುತ್ತಿರಲಿಲ್ಲ. ನಮ್ಮ ಬಣ್ಣದವರಿಗೂ ಎಲ್ಲ ಬಾಗಿಲೂ ತೆರೆದಿರುತ್ತಿತ್ತೆಂದು ನಾನು ನಂಬುವುದಿಲ್ಲ. ಒಕ್ಲಹೋಮಾದ ಲೂಥರ್ ಬಳಿ ಕಪ್ಪು ಕುಟುಂಬವೊಂದು ಕಟ್ಟಿ ನಡೆಸಿದ ಥ್ರೆಟ್ ಪೆಟ್ರೋಲ್ ಬಂಕಿನ ಕಲ್ಲಿನ ಕಟ್ಟಡ ಇನ್ನೂ ಇದೆ. ಹತ್ತು ನಿಮಿಷ ನಿಲ್ಲಿ. ಇಂದು ಅದೇ ದಾರಿಯಲ್ಲಿ ಗುಜರಾತಿ ಕುಟುಂಬಗಳು ನಡೆಸುವ ಮೋಟೆಲುಗಳು ಸಿಗುತ್ತವೆ; ಸಂಜೆ ಕೌಂಟರ್ ಬಳಿ ನಿಮ್ಮ ತಂದೆಯವರಿಗೆ ಚಹಾ ಸಿಕ್ಕರೆ ಆಶ್ಚರ್ಯವಿಲ್ಲ.

ಕೊನೆಯ ಪ್ರಶ್ನೆ, ಅಪ್ಪನ ಕೈಗೆ ಸ್ಟಿಯರಿಂಗ್. ಕೊಡಿ. ಊರಿನಿಂದ ಹೊರಡುವ ಮುಂಚೆ ಹಾಸನದ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬರಲಿ, ಮೂಲ ಲೈಸೆನ್ಸೂ ಜೊತೆಗಿರಲಿ. ಹಳೇ ಕಾರುಗಳ ವಿಮೆ ಬೇರೆ ರೀತಿಯದು. ಯಾರು ಓಡಿಸಬಹುದು, ಇಷ್ಟು ದೂರದ ಪ್ರವಾಸ ಅದರಲ್ಲಿ ಬರುತ್ತದೆಯೇ ಎಂದು ವಿಮೆಯವರಿಂದ ಬರಹದಲ್ಲಿ ತರಿಸಿಕೊಳ್ಳಿ. ಇಲ್ಲ ಎಂದರೆ ಅವರು ಓಡಿಸಬಾರದು, ಅದರಲ್ಲಿ ರಾಜಿ ಬೇಡ. ಸ್ಟಿಯರಿಂಗ್ ಗೇರು ಅವರಿಗೆ ಹೊಸದಲ್ಲ, ಹಳೇ ಅಂಬಾಸಿಡರ್‌ನಲ್ಲೂ ಇತ್ತು. ಆದರೆ ಅಲ್ಲಿ ಎಡಗೈಯಲ್ಲಿ ಹಾಕುತ್ತಿದ್ದದ್ದನ್ನು ಇಲ್ಲಿ ಬಲಗೈಯಲ್ಲಿ ಹಾಕಬೇಕು, ರಸ್ತೆಯ ಬಲಕ್ಕಿರಬೇಕು. ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ನಾಲ್ಕು ದಿನ ಅಭ್ಯಾಸವಾಗಲಿ. ಎಡಕ್ಕೆ ತಿರುಗುವಾಗ ಹಳೇ ಅಭ್ಯಾಸ ಎದುರು ಸಾಲಿಗೆ ಎಳೆಯುತ್ತದೆ. ಪಕ್ಕದಲ್ಲಿ ಕೂತು ‘ಅಪ್ಪಾ, ಬಲಕ್ಕೆ’ ಅನ್ನುತ್ತಿರಿ. ಊರೊಳಗೆ, ಇಂಟರ್‌ಸ್ಟೇಟಿನಲ್ಲಿ, ಕತ್ತಲಲ್ಲಿ ನೀವೇ ಓಡಿಸಿ.

ಅವರಿಗೆಂದು ಒಂದು ಜಾಗ ಹೇಳುತ್ತೇನೆ. ಅರಿಜೋನಾದ ಸೆಲಿಗ್‌ಮನ್‌ನಿಂದ ಪೀಚ್ ಸ್ಪ್ರಿಂಗ್ಸ್ ಮೂಲಕ ಕಿಂಗ್‌ಮನ್‌ವರೆಗೆ ಸುಮಾರು 140 ಕಿಲೋಮೀಟರ್. ಇಂಟರ್‌ಸ್ಟೇಟ್ ಅಲ್ಲಿ ದಕ್ಷಿಣಕ್ಕೆ ದೂರ ಹೋಗಿಬಿಡುತ್ತದೆ, ಹಳೇ ರಸ್ತೆ ತನ್ನ ಪಾಡಿಗೆ ಉಳಿದಿದೆ. ಉದ್ದನೆ ನೇರ ದಾರಿ, ಎರಡೂ ಕಡೆ ಹುಲ್ಲುಗಾವಲು, ಎದುರಿಗೆ ಐದು ಹತ್ತು ನಿಮಿಷಕ್ಕೊಂದು ವಾಹನ, ಪಕ್ಕದಲ್ಲಿ ಗೂಡ್ಸ್ ರೈಲಿನ ಹಳಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಬಿಸಿಲು ಬೆನ್ನಿಗಿರುತ್ತದೆ. ಆ ದಿನ ನೀವು ಪಕ್ಕದಲ್ಲಿ ಕೂತು ಟೆಂಪರೇಚರ್ ಮುಳ್ಳು ನೋಡಿಕೊಳ್ಳಿ. ಮುಂಗಿಟಕಿಯ ತ್ರಿಕೋನದ ಗಾಜನ್ನು ಒಳಕ್ಕೆ ತಿರುಗಿಸಿದರೆ ಗಾಳಿ ನೇರ ಅವರ ಮುಖಕ್ಕೆ ಬರುತ್ತದೆ. ಹ್ಯಾಕ್‌ಬೆರಿಯ ಹಳೇ ಅಂಗಡಿಯ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿ ಅರ್ಧ ಗಂಟೆ ತಣ್ಣಗಾಗಲು ಬಿಡಿ, ಕೈಗಳನ್ನು ನಾಲ್ಕೂ ಡ್ರಮ್‌ಗಳ ಹತ್ತಿರ ಹಿಡಿದು ಯಾವುದು ಹೆಚ್ಚು ಕಾದಿದೆ ನೋಡಿ. ಒಂದು ಮಾತ್ರ ವಿಪರೀತ ಬಿಸಿಯಿದ್ದರೆ ಆ ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ಕಿಂಗ್‌ಮನ್ ತಲುಪಿದ ಕೂಡಲೇ ಬಿಚ್ಚಿಸಿ.